ಟೋಲ್‌ಗೇಟ್ ಸ್ಟಾಪು

ಮಾಗಡಿ ರಸ್ತೆಯಲ್ಲಿ ಬಸ್ಸು ವಿಜಯನಗರದ ಹತ್ತಿರ ಬರುತ್ತಿದ್ದ ಹಾಗೆ ಕಂಡಕ್ಟರು ಕೂಗುತ್ತಾರೆ: "ಟೋಲ್‌ಗೇಟ್, ಟೋಲ್‌ಗೇಟ್ ಇಳಿಯೋರು ಮುಂದೆ ಬನ್ರಿ." ಎಷ್ಟೋ ವರ್ಷ ನಾನು ಆ ಸ್ಟಾಪಿನಲ್ಲಿ ಹತ್ತಿ ಇಳಿದವಳು. ಅಲ್ಲೇ ಹತ್ತಿರದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಒಂದು ವರ್ಷ ಎಂಟನೇ ಕ್ಲಾಸಿನ ಹುಡುಗ ಎದ್ದು ನಿಂತು, "ಮಿಸ್, ಟೋಲ್‌ಗೇಟ್ ಅಂತಾರಲ್ಲ, ಗೇಟೆಲ್ಲಿದೆ?" ಎಂದ. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಇತಿಹಾಸ ಹೇಳುವವಳು ದಿನಾ ತುಳಿಯುವ ಜಾಗಕ್ಕೆ ಆ ಹೆಸರು ಯಾಕೆ ಬಂತೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅದೇ ರಸ್ತೆ ಹಿಡಿದು ಮಾಗಡಿಯ ಕಡೆಗೆ ಹೋದರೆ ಕಾಮಾಕ್ಷಿಪಾಳ್ಯ, ಸುಮನಹಳ್ಳಿ ದಾಟಿ ಸುಂಕದಕಟ್ಟೆ ಬರುತ್ತದೆ. ಅಲ್ಲಿಯೂ ಈಗ ಸುಂಕವಿಲ್ಲ, ಕಟ್ಟೆಯೂ ಇಲ್ಲ. ಆದರೆ ಹೆಸರು ಎರಡೆರಡು ಸಲ ಹೇಳುತ್ತಿದೆ, ಒಂದು ಕನ್ನಡದಲ್ಲಿ, ಒಂದು ಇಂಗ್ಲಿಷಿನಲ್ಲಿ: ಈ ದಾರಿಯಲ್ಲಿ ಪೇಟೆಗೆ ಸರಕು ತಂದವರು ನಿಂತು ದುಡ್ಡು ಕೊಟ್ಟು ಮುಂದೆ ಹೋಗುತ್ತಿದ್ದರು. ಊರಿಗೆ ಬರುವ ಸರಕಿನ ಮೇಲೆ ಆಕ್ಟ್ರಾಯ್ ವಸೂಲಿ ಕರ್ನಾಟಕದಲ್ಲಿ 1970ರ ದಶಕದವರೆಗೂ ನಡೆಯಿತು; 1979ರಲ್ಲಿ ಪ್ರವೇಶ ತೆರಿಗೆಯ ಕಾನೂನು ಬಂದು ಅದರ ಜಾಗ ಹಿಡಿಯಿತು. ಗೇಟು ಹೋಯಿತು, ಸ್ಟಾಪು ಉಳಿಯಿತು.

ಹುಡುಗನಿಗೆ ಮಾರನೆಯ ದಿನ ಇಷ್ಟನ್ನು ಹೇಳಿದೆ. ರಸ್ತೆಗೆ ಈಗ ಸುಂಕ ಕಟ್ಟುತ್ತಿರುವವರು ಯಾರು ಎಂಬ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಬಹಳ ತಡವಾಗಿ, ನಮ್ಮ ಮನೆಯ ಗೇಟಿನ ಮುಂದೆ ಒಂದು ಸೊಪ್ಪಿನ ಬುಟ್ಟಿ ನುಚ್ಚುನೂರಾದ ಮೇಲೆ. ಅದಕ್ಕೆ ಮುಂಚೆ ಅಪ್ಪನ ಸೈಕಲ್ಲಿನ ವಿಷಯ ಹೇಳಬೇಕು.

ನಾನು ಹುಟ್ಟಿದ್ದು 1962ರಲ್ಲಿ, ರಾಜಾಜಿನಗರದ ಆರನೇ ಬ್ಲಾಕಿನ ಬಾಡಿಗೆ ಮನೆಯಲ್ಲಿ. ರಾಜಾಜಿನಗರಕ್ಕೆ ಆಗ ಹದಿಮೂರು ವರ್ಷವಷ್ಟೇ. 1949ರಲ್ಲಿ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿ ಅವರ ಹೆಸರಿಟ್ಟು ಶುರುವಾದ ಬಡಾವಣೆ ಇದು; ಹುಟ್ಟಿನಲ್ಲೇ ಇದಕ್ಕೆ ಇಂಡಸ್ಟ್ರಿಯಲ್ ಸಬರ್ಬ್ ಎಂಬ ಬಾಲವಿತ್ತು. ಮಲ್ಲೇಶ್ವರ, ಬಸವನಗುಡಿ ಪ್ಲೇಗಿನ ಕಾಲದಲ್ಲಿ ಬೆಳೆದವು. ನಮ್ಮದು ಕಾರ್ಖಾನೆಯ ಸೈರನ್ನಿಗಾಗಿ ಆದ ಊರು. ಒಂದು ಕಡೆ ಶೆಡ್ಡು, ಇನ್ನೊಂದು ಕಡೆ ಮನೆ, ನಡುವೆ ಒಬ್ಬ ಮನುಷ್ಯ ಸೈಕಲ್ ತುಳಿಯುವಷ್ಟು ದೂರ. ಇಪ್ಪತ್ತು–ಮೂವತ್ತರ, ಮೂವತ್ತು–ನಲವತ್ತರ ಸೈಟುಗಳಲ್ಲಿ ಬಾವಿಗೆ, ತುಳಸಿಗೆ, ಒಂದು ನುಗ್ಗೆಮರಕ್ಕೆ ಜಾಗವಿತ್ತು. ಕಾರಿಗೆ ಇರಲಿಲ್ಲ. ಯಾರೂ ಮರೆತು ಬಿಟ್ಟದ್ದಲ್ಲ, ಅಲ್ಲಿಗೆ ಕಾರು ಬರುತ್ತದೆಂದು ಯಾರ ಕನಸಿನಲ್ಲೂ ಇರಲಿಲ್ಲ.

ಅಪ್ಪ ಸೋಪ್ ಫ್ಯಾಕ್ಟರಿಯಲ್ಲಿದ್ದರು. ಸರ್ಕಾರಿ ಸಾಬೂನು ಕಾರ್ಖಾನೆ 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದದ್ದು, ರಾಜಾಜಿನಗರದ ಕಡೆಗೆ ಬಂದದ್ದು 1957ರಲ್ಲಿ. ಇವತ್ತು ಅದರ ಹೆಸರಿನಲ್ಲೇ ಒಂದು ಮೆಟ್ರೋ ನಿಲ್ದಾಣವಿದೆ. ಅಪ್ಪನದು ಕಪ್ಪು ಹರ್ಕ್ಯುಲಿಸ್ ಸೈಕಲ್ಲು. ಮುಂದೆ ಡೈನಮೋ ದೀಪ, ಹಿಂದೆ ಕ್ಯಾರಿಯರ್, ಅದರಲ್ಲಿ ಕಟ್ಟಿದ ಡಬ್ಬಿ. ಸಂಜೆ ಅವರು ಬೀದಿಯ ತಿರುವಿಗೆ ಬಂದರೆ ಗಂಧದ ವಾಸನೆ ಮೊದಲು ಬರುತ್ತಿತ್ತು, ಸೈಕಲ್ ಗಂಟೆ ಆಮೇಲೆ. ಗಂಧ ಎಂದರೆ ಎಲ್ಲರಿಗೂ ದೇವರ ಮನೆ ನೆನಪಾದರೆ ನನಗೆ ಈಗಲೂ ಬೆವರಿದ ಖಾಕಿ ಅಂಗಿ ನೆನಪಾಗುತ್ತದೆ.

ಶಿಫ್ಟು ಬಿಡುವ ಹೊತ್ತಿಗೆ ರಸ್ತೆ ತುಂಬ ಸೈಕಲ್ಲು. ಮೈಸೂರು ಲ್ಯಾಂಪ್ಸ್, ಮಿನರ್ವ ಮಿಲ್ಲು, ಬಿನ್ನಿ ಮಿಲ್ಲು, ಇತ್ತ ಯಶವಂತಪುರದ ಕಡೆಯ ಸಣ್ಣ ಪುಟ್ಟ ಶೆಡ್ಡುಗಳು, ಅತ್ತ ಜಾಲಹಳ್ಳಿಯಲ್ಲಿ 1950ರ ದಶಕದಲ್ಲಿ ಬಂದ ಎಚ್‌ಎಂಟಿ. ಎಲ್ಲೆಲ್ಲಿಂದಲೋ ಹೊರಟವರು ಸಾಲಾಗಿ ಬಂದು ಒಂದೊಂದು ಅಡ್ಡರಸ್ತೆಯಲ್ಲಿ ಇಬ್ಬರು ಮೂವರಂತೆ ಉದುರಿಹೋಗುತ್ತಿದ್ದರು. ಸೈಕಲ್ಲಿಗೂ ಆಗ ಕಾರ್ಪೊರೇಷನ್ನಿನ ಲೈಸೆನ್ಸು ಬೇಕಿತ್ತು. ಪ್ರತಿ ವರ್ಷ ದುಡ್ಡು ಕಟ್ಟಿದರೆ ಒಂದು ತಗಡಿನ ಬಿಲ್ಲೆ ಕೊಡುತ್ತಿದ್ದರು. ಕತ್ತಲಾದ ಮೇಲೆ ದೀಪವಿಲ್ಲದೆ ಹೋದರೆ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಡಬಲ್ ಹೊಡೆದರೆ ಪೊಲೀಸಿನವರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದರು. ಅಪ್ಪನನ್ನು ಒಮ್ಮೆ ಹಿಡಿದರಂತೆ, ಡೈನಮೋ ಕೈಕೊಟ್ಟ ದಿನ. ನವರಂಗ್ ಚಿತ್ರಮಂದಿರದ ಹತ್ತಿರದಿಂದ ಸೈಕಲ್ ತಳ್ಳಿಕೊಂಡು ಮನೆಗೆ ಬಂದರು. ದೀಪವಿಲ್ಲದ ಸೈಕಲ್ಲಿನಿಂದ ಯಾರು ಸಾಯುತ್ತಿದ್ದರೋ ನನಗೆ ತಿಳಿಯದು, ಆದರೆ ಬಿಲ್ಲೆಯ ಸುಂಕವನ್ನು ಅಪ್ಪ ತಪ್ಪದೆ ಕಟ್ಟಿದರು. ಹಳೆಯ ಬಿಲ್ಲೆಗಳನ್ನು ಬಿಸಾಡದೆ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಇಟ್ಟಿದ್ದರು. ಅವರು ಹೋದ ಮೇಲೆ ಬಾಟಲಿ ನನ್ನ ಪಾಲಿಗೆ ಬಂತು.

ನಾನು ಸೈಕಲ್ ಕಲಿತದ್ದು ಬಾಡಿಗೆ ಅಂಗಡಿಯಲ್ಲಿ, ಗಂಟೆಗೆ ನಾಲ್ಕಾಣೆ ಕೊಟ್ಟು, ಒಳಪೆಡ್ಲು ಹೊಡೆದು. ಮೊಣಕಾಲಿನ ಗಾಯದ ಗುರುತು ಈಗಲೂ ಇದೆ. ಕಾರ್ಡ್ ರೋಡು ಆಗ ನಮಗೆ ಲೋಕದ ಅಂಚು. ಅದರ ಆಚೆ ಹೋಗಬಾರದೆಂದು ಅಮ್ಮನ ಅಪ್ಪಣೆ. ಕಳ್ಳರಿದ್ದಾರೆ, ನಾಯಿಗಳಿವೆ, ಬಯಲು ಎಂದು ಅವಳ ಕಾರಣ. ವಾಹನ ಅವಳ ಪಟ್ಟಿಯಲ್ಲಿ ಇರಲೇ ಇಲ್ಲ.

ದೂರ ಹೋಗಬೇಕಾದರೆ ಬಿಟಿಎಸ್. 1940ರಲ್ಲಿ ಖಾಸಗಿ ಕಂಪನಿಯಾಗಿ ಶುರುವಾದ ನಗರದ ಬಸ್ಸು 1956ರಲ್ಲಿ ಸರ್ಕಾರದ್ದಾಯಿತು, ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್ ಎಂಬ ಹೆಸರು ಬಂತು. ಊರವರು ಅದನ್ನು ಬಿಡಿಸಿ ಓದಿದ್ದೇ ಬೇರೆ: ಬಿಟ್ಟರೆ ತಿರುಗಿ ಸಿಗೋಲ್ಲ. ನಗೆಚಾಟಿಕೆಯಾದರೂ ಅದರಲ್ಲಿ ಒಂದು ಬದುಕಿನ ಕ್ರಮವೇ ಇತ್ತು. ಬಸ್ಸು ಬಿಟ್ಟರೆ ಸಿಗುವುದಿಲ್ಲ, ಆದ್ದರಿಂದ ಬೇಗ ಹೊರಡಬೇಕು. ಬೇಗ ಹೊರಟರೆ ಸ್ಟಾಪಿನಲ್ಲಿ ಕಾಯಬೇಕು. ಕಾಯುವಾಗ ಪಕ್ಕದವರ ಹತ್ತಿರ ಮಾತಾಡಬೇಕು. ನಮ್ಮಮ್ಮನ ಗೆಳತಿಯರಲ್ಲಿ ಅರ್ಧ ಜನ ಸ್ಟಾಪಿನಲ್ಲೇ ಸಿಕ್ಕವರು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎದ್ದ ಮೆಜೆಸ್ಟಿಕ್ಕಿನಲ್ಲಿ ಇಳಿದು ಡಬಲ್ ಡೆಕರ್ ನೋಡಿದ ದಿನ ನನಗೂ ತಂಗಿಗೂ ಊಟ ಸೇರಲಿಲ್ಲ. 1997ರ ಆಗಸ್ಟ್ 15ಕ್ಕೆ ಬಿಎಂಟಿಸಿ ಬೇರೆಯಾಯಿತು. ಅಷ್ಟು ಹೊತ್ತಿಗೆ ಹಳೆಯ ನಗೆಚಾಟಿಕೆ ಹೇಳುವವರೆಲ್ಲ ಸ್ಕೂಟರು ಕೊಂಡಿದ್ದರು.

ಆ ಕಾಲವನ್ನು ನಾನು ಹೊನ್ನಿನ ಕಾಲವೆಂದು ಹೇಳುತ್ತಿಲ್ಲ. ಅಪ್ಪ ಸೈಕಲ್ ತುಳಿದದ್ದು ಪರಿಸರದ ಮೇಲಿನ ಪ್ರೀತಿಗಲ್ಲ, ಬೇರೆ ಏನೂ ಕೊಳ್ಳಲಾಗದ್ದಕ್ಕೆ. ಮಳೆಗಾಲದಲ್ಲಿ ಅವರ ಕೆಮ್ಮು ದೀಪಾವಳಿಯವರೆಗೂ ಬಿಡುತ್ತಿರಲಿಲ್ಲ. ಫಿಯೆಟ್ಟಿಗೆ, ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವ ಕಾಲ. 1973ರಲ್ಲಿ ಪೆಟ್ರೋಲ್ ಬೆಲೆ ಏರಿದಾಗ ವಾಜಪೇಯಿ ಅವರು ಎತ್ತಿನಗಾಡಿಯಲ್ಲಿ ಪಾರ್ಲಿಮೆಂಟಿಗೆ ಹೋದ ಸುದ್ದಿಯನ್ನು ಅಪ್ಪ ಓದಿ ಹೇಳಿ, "ನಮಗೇನು, ನಮ್ಮ ಗಾಡಿ ಮುದ್ದೆ ಮೇಲೆ ಓಡೋದು" ಎಂದಿದ್ದರು. ಆದರೆ ಅವರಿಗೂ ಆಸೆಯಿತ್ತು. ಬೆಂಗಳೂರಿನಲ್ಲೇ ಸಿಪಾನಿಯವರು ಫೈಬರ್ ಮೈಯ, ಮೂರು ಚಕ್ರದ ಬಾದಲ್ ಕಾರು ಮಾಡಿದಾಗ, ಆಮೇಲೆ ಡಾಲ್ಫಿನ್ ಬಂದಾಗ, ಸೈಕಲ್ ನಿಲ್ಲಿಸಿ ನೋಡಿ ಬಂದು ನಮಗೆಲ್ಲ ವರ್ಣಿಸಿದ್ದರು. ಮೂರು ಚಕ್ರದ ಕಾರೆಂದರೆ ಸೈಕಲ್ಲಿಗಿಂತ ಒಂದೇ ಚಕ್ರ ಹೆಚ್ಚು ಎಂಬ ಲೆಕ್ಕ ಇದ್ದಿರಬೇಕು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಬೆಲೆ ನಲವತ್ತೆಂಟು ಸಾವಿರದ ಆಸುಪಾಸು. ಆಮೇಲಿನ ಕಥೆ ನಿಮಗೆಲ್ಲ ಗೊತ್ತಿರುವುದೇ, ನಿಮ್ಮ ಮನೆಯದೂ ಹೌದು. 1991ರ ನಂತರ ಬ್ಯಾಂಕುಗಳು ಕರೆದು ಸಾಲ ಕೊಟ್ಟವು. ನಾನು ಮದುವೆಯಾಗಿ ಬಂದದ್ದು ಬಸವೇಶ್ವರನಗರಕ್ಕೆ. ನಮ್ಮನೆಯವರು ಬ್ಯಾಂಕಿನಲ್ಲಿ ಗುಮಾಸ್ತೆ. ಪಕ್ಕದ ಮೇಜಿನವರು ಊರೆಲ್ಲಕ್ಕೂ ಕಾರಿನ ಸಾಲ ಮಂಜೂರು ಮಾಡುವುದನ್ನು ನೋಡಿ ನೋಡಿ 1998ರಲ್ಲಿ ಒಂದು ಬಿಳಿ ಮಾರುತಿ ತಂದರು, ಸೆಕೆಂಡ್ ಹ್ಯಾಂಡು. ಮುಂದಿನ ತುಳಸಿಕಟ್ಟೆ, ಎರಡು ದಾಸವಾಳದ ಗಿಡ ಹೋದವು. ನಲವತ್ತಡಿ ಸೈಟಿನಲ್ಲಿ ಹದಿನಾಲ್ಕು ಅಡಿ ಕಾರಿಗೆ ಬಿಟ್ಟುಕೊಟ್ಟೆವು. ಅತ್ತೆ ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ, ಕಾರು ತಂದವರ ಹತ್ತಿರ ಮಾತಾಡಿದರು.

ಇವರಿಗೆ ಡ್ರೈವಿಂಗ್ ಒಗ್ಗಲಿಲ್ಲ. ಓಡಿಸಿದವಳು ನಾನೇ, ಮೂವತ್ತಾರನೆಯ ವಯಸ್ಸಿನಲ್ಲಿ ಕಲಿತು. ಸುಳ್ಳು ಹೇಳುವುದಿಲ್ಲ, ಬಹಳ ಸುಖವಾಗಿತ್ತು. ಮಾಗಡಿ ರಸ್ತೆಯಲ್ಲಿ ಗಾಜು ಏರಿಸಿಕೊಂಡು ಹೋಗುವಾಗ ಎಷ್ಟೋ ವರ್ಷ ಬಸ್ಸಿನಲ್ಲಿ ಕಾಲು ತುಳಿಸಿಕೊಂಡದ್ದಕ್ಕೆ ಸೇಡು ತೀರಿದಂತಿತ್ತು. ಅದೇ ಗಾಜಿನ ಆಚೆ ನನ್ನ ಕ್ಲಾಸಿನ ಮಕ್ಕಳು ಆಟೋಗಳ ನೀಲಿ ಹೊಗೆಯಲ್ಲಿ ಮೂಗು ಮುಚ್ಚಿಕೊಂಡು ನಿಂತಿರುತ್ತಿದ್ದರು. ನಮ್ಮ ಪೆಟ್ರೋಲಿನಿಂದ ಸೀಸ ತೆಗೆದದ್ದು 2000ದ ಫೆಬ್ರವರಿಯಲ್ಲಿ. ಅದಕ್ಕೆ ಹಿಂದಿನ ಎರಡು ವರ್ಷ ನಾನು ನನ್ನದೇ ಶಿಷ್ಯರ ಮುಖಕ್ಕೆ ಸೀಸ ಊದಿದವಳು ಎಂಬುದು ಲೆಕ್ಕ ಹಾಕಿದರೆ ಸಿಗುವ ಸತ್ಯ.

ಈಗ ಬುಟ್ಟಿಯ ವಿಷಯ.

2015, ನವರಾತ್ರಿಯ ಮೊದಲ ದಿನ. ನಮ್ಮ ಬೀದಿಗೆ ತಾವರೆಕೆರೆ ಕಡೆಯಿಂದ ಮೊದಲ ಬಸ್ಸಿಗೆ ಬರುವ ಸೊಪ್ಪಿನಮ್ಮ ಒಬ್ಬರಿದ್ದಾರೆ. ಗೇಟಿನ ಪಕ್ಕ ಬುಟ್ಟಿ ಇಳಿಸಿ, ಅಲ್ಲೇ ಕೂತು ಕಟ್ಟು ಬಿಚ್ಚಿ ನೀರು ಚಿಮುಕಿಸುವುದು ಅವರ ರೂಢಿ. ನಾನು ಸ್ಕೂಲಿಗೆ ತಡವಾಯಿತೆಂದು ಕಾರನ್ನು ಹಿಂದಕ್ಕೆ ತೆಗೆದೆ. ಪಟಪಟ ಅಂತ ಬಿದಿರು ಮುರಿದ ಸದ್ದು. ಇಳಿದು ನೋಡಿದರೆ ಬುಟ್ಟಿ ಚಕ್ರದ ಅಡಿ, ದಂಟಿನ ಸೊಪ್ಪು ಟೈರಿಗೆ ಸುತ್ತಿಕೊಂಡಿತ್ತು. ಆಕೆ ಎದುರು ಮನೆಯ ನಲ್ಲಿಯಲ್ಲಿ ಚೊಂಬಿಗೆ ನೀರು ಹಿಡಿಯಲು ಎದ್ದು ಹೋಗಿದ್ದರು. ಚೊಂಬು ಹಿಡಿದುಕೊಂಡೇ ಬಂದರು. ಬೈಯಲಿಲ್ಲ. "ಬುಟ್ಟಿ ಕಾಸು ಕೊಟ್ಬುಡಿ ಅಕ್ಕ. ಸೊಪ್ಪು ಹೋದ್ರೆ ಹೋಯ್ತು. ಈಗ ತಾನೇ ಅಲ್ಲೇ ಕುಂತಿದ್ದೆ ನೋಡಿ" ಎಂದು ತಾವು ಕೂತಿದ್ದ ಜಾಗವನ್ನು ಬೆರಳು ಮಾಡಿ ತೋರಿಸಿದರು. ಅಲ್ಲಿ ನೆಲ ಇನ್ನೂ ಒದ್ದೆಯಾಗಿತ್ತು.

ಅವತ್ತು ರಜೆ ಹಾಕಿದೆ. ಕೈನಡುಕ ನಿಂತದ್ದು ಮಧ್ಯಾಹ್ನದ ಮೇಲೆ.

ಇವರು "ಹಿಂದೆ ಕ್ಯಾಮೆರಾ ಇರೋ ಗಾಡಿ ತಗೊಳೋಣ" ಎಂದರು. ಅಮೆರಿಕದಿಂದ ಮಗ ಫೋನಿನಲ್ಲಿ, "ಅಮ್ಮ, ನೀನು ಸೆನ್ಸರ್ ಹಾಕಿಸು, ಸಾವಿರ ರೂಪಾಯಿ ಕೆಲಸ" ಎಂದ. ಇಬ್ಬರೂ ಹೇಳಿದ್ದು ಸರಿಯೇ. ನನಗೆ ಮಾತ್ರ ಬೇರೆ ಒಂದು ಲೆಕ್ಕ ಹತ್ತಿಕೊಂಡಿತ್ತು. ನನಗೆ ತಡವಾಗಿತ್ತು, ಬುಟ್ಟಿ ಅವರದು ಹೋಯಿತು. ನನ್ನ ಆತುರಕ್ಕೆ ಸುಂಕ ಕಟ್ಟಿದವರು ಅವರು.

ಈ ಲೆಕ್ಕವನ್ನು ಊರಿಗೆ, ದೇಶಕ್ಕೆ ಹಿಗ್ಗಿಸಿ ನೋಡದಿರಲು ಮೇಷ್ಟ್ರಗಿರಿಯ ಚಟ ಬಿಡಬೇಕಲ್ಲ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಕಾಲ್ನಡಿಗೆಯವರೇ 32 ಸಾವಿರಕ್ಕೂ ಮೇಲೆ, ಬೈಕು ಸ್ಕೂಟರಿನವರು 75 ಸಾವಿರದ ಹತ್ತಿರ. ಉಕ್ಕಿನ ಪೆಟ್ಟಿಗೆಯೊಳಗೆ ಕೂತವರಿಗಿಂತ ಹೊರಗಿರುವವರು ಎಷ್ಟೋ ಪಟ್ಟು ಹೆಚ್ಚು ಸಾಯುತ್ತಾರೆ. ಬೆಂಗಳೂರಿನಲ್ಲಿ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಅಪ್ಪ ಈ ಊರಿನಲ್ಲಿ ಕೆಲಸಕ್ಕೆ ಸೇರುವ ಹೊತ್ತಿಗೆ, 1951ರ ಜನಗಣತಿಯಲ್ಲಿ, ಮನುಷ್ಯರೇ ಎಂಟು ಲಕ್ಷ ಇರಲಿಲ್ಲ. ಹೊಗೆಯ ಮಾತಾದರೆ, ನಮ್ಮ ಮನೆಗೆ ಹತ್ತಿರದ ಸಾಣೆಗುರುವನಹಳ್ಳಿಯಲ್ಲೇ ಮಾಲಿನ್ಯ ನಿಯಂತ್ರಣ ಮಂಡಳಿಯವರು ಗಾಳಿ ಅಳೆಯುತ್ತಾರೆ. ಉಸಿರಿನಲ್ಲಿ ಆಳಕ್ಕಿಳಿಯುವ ಅತಿ ಸಣ್ಣ ಧೂಳು ವರ್ಷದ ಸರಾಸರಿಯಲ್ಲಿ ಘನ ಮೀಟರಿಗೆ 40 ಮೈಕ್ರೋಗ್ರಾಂ ಇರಬಹುದು ಎಂದು ನಮ್ಮ ದೇಶದ ನಿಯಮ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ನಮ್ಮ ಪುಪ್ಪುಸ ಎಂಟು ಪಟ್ಟು ಗಟ್ಟಿ ಎಂದು ಇಟ್ಟುಕೊಳ್ಳೋಣ.

2016ರ ಏಪ್ರಿಲಿನ ಕೊನೆಗೆ ಮೆಜೆಸ್ಟಿಕ್ಕಿನ ಸುರಂಗ ತೆರೆದು ನೇರಳೆ ಮಾರ್ಗ ಮೈಸೂರು ರಸ್ತೆಯಿಂದ ಬೈಯಪ್ಪನಹಳ್ಳಿಯವರೆಗೆ ಒಂದಾಯಿತು. ಮಾಗಡಿ ರಸ್ತೆ, ಹೊಸಹಳ್ಳಿ, ವಿಜಯನಗರದ ನಿಲ್ದಾಣಗಳು ಅದಕ್ಕೆ ಮುಂಚೆ, 2015ರ ನವೆಂಬರಿನಲ್ಲೇ ತೆರೆದಿದ್ದವು. ರಾಜಾಜಿನಗರದ ಕಡೆ ಹಸಿರು ಮಾರ್ಗ 2014ರಲ್ಲೇ ಬಂದಿತ್ತು. 2016ರ ಮೇ ತಿಂಗಳಲ್ಲಿ ಕಾರು ಮಾರಿದೆವು. ಕೊಂಡವನು ಬಂದು ತಳ್ಳಿಕೊಂಡು ಹೋಗಬೇಕಾಯಿತು, ಬ್ಯಾಟರಿ ಸತ್ತಿತ್ತು. ಹದಿನೆಂಟು ವರ್ಷದ ಸುಖಕ್ಕೆ ಮರ್ಯಾದೆಯ ಬೀಳ್ಕೊಡುಗೆಯೂ ಆಗಲಿಲ್ಲ.

ಕಾರಿಲ್ಲದೆ ಬದುಕುವುದು ಹೇಗೆ ಎಂದು ಕೇಳುವವರಿಗೆ ನಾನು ಸ್ವಲ್ಪ ಸಂಕೋಚದಿಂದ ಉತ್ತರಿಸುತ್ತೇನೆ. ಪೀಣ್ಯದ ಗಾರ್ಮೆಂಟ್ಸಿಗೆ, ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ದಿನಾ ಬೆಳಗ್ಗೆ ಡಬ್ಬಿ ಹಿಡಿದು ನಡೆಯುವ ಹೆಣ್ಣುಮಕ್ಕಳನ್ನು ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಅವರದು ಬದುಕು, ನನ್ನದು ಆಯ್ಕೆ. ಆಯ್ಕೆ ಮಾಡಿದವಳಿಗೆ ಸುದ್ದಿಯ ಹೆಮ್ಮೆ ಸಿಗುತ್ತದೆ. ಪೂರ್ತಿ ವ್ರತವೂ ಅಲ್ಲ ಇದು. ಇವರ ಮೊಣಕಾಲು ಕೆಟ್ಟ ಮೇಲೆ ಆಟೋ ಹತ್ತುತ್ತೇವೆ. ಒಂದು ರಾತ್ರಿ ಎರಡು ಗಂಟೆಗೆ ಎದೆನೋವೆಂದು ಎದ್ದಾಗ ಮೊಬೈಲಿನಲ್ಲಿ ಟ್ಯಾಕ್ಸಿ ಸಿಗದೆ ಎದುರು ಮನೆಯವರ ಕಾರಿನಲ್ಲೇ ಆಸ್ಪತ್ರೆಗೆ ಹೋದೆವು. ಅದು ಗ್ಯಾಸ್ ಆಗಿತ್ತು, ಇರಲಿ. ಆ ಕಾರು ಇರದಿದ್ದರೆ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. ಇಂಥ ರಾತ್ರಿಗಾಗಿ ಬೀದಿಯಲ್ಲಿ ಒಂದು ಕಾರು ಸಾಕು, ಮನೆಗೆ ಎರಡು ಬೇಡ ಎಂಬಲ್ಲಿಗೆ ಯೋಚನೆ ಬಂದು ನಿಲ್ಲುತ್ತದೆ.

ಬಸವೇಶ್ವರನಗರ ಎರಡು ಮೆಟ್ರೋ ಗೆರೆಗಳ ನಡುವಿನ ತೋಪು. ಎರಡೂ ಹತ್ತಿರ, ಎರಡೂ ದೂರ. ಹಾವನೂರು ಸರ್ಕಲ್ಲಿನಿಂದ ಹಸಿರು ಮಾರ್ಗ ಹಿಡಿಯಬೇಕಾದರೆ ಕಾರ್ಡ್ ರೋಡ್ ದಾಟಬೇಕು. ಅಮ್ಮ ದಾಟಬೇಡ ಎಂದಿದ್ದ ಅದೇ ಕಾರ್ಡ್ ರೋಡು. ಈಗ ಅದಕ್ಕೆ ಶಿವನಗರದಲ್ಲಿ ಮೇಲ್ಸೇತುವೆ, ಮಂಜುನಾಥನಗರದಲ್ಲಿ ಮೇಲ್ಸೇತುವೆ. ಸಿಗ್ನಲ್ ಮುಕ್ತ ರಸ್ತೆ ಎಂದು ಇದನ್ನು ಕರೆಯುತ್ತಾರೆ. ಸಿಗ್ನಲ್ ಇಲ್ಲ ಎಂದರೆ ಕೆಂಪು ದೀಪವಿಲ್ಲ, ಕೆಂಪು ದೀಪವಿಲ್ಲ ಎಂದರೆ ನನಗೆ ದಾಟಲು ಹೊತ್ತೇ ಇಲ್ಲ. ಕಾರಿನವನಿಗೆ ಉಳಿದ ಎರಡು ನಿಮಿಷ ಎಲ್ಲಿಂದ ಬಂತು ಎಂದರೆ, ಅಲ್ಲಿ ಸೀರೆ ಎತ್ತಿ ಹಿಡಿದು ನಿಂತಿರುವ ನನ್ನ ಹತ್ತು ನಿಮಿಷದಿಂದ. ಇಷ್ಟೆಲ್ಲ ಮಾಡಿಯೂ ಕಾರಿನವನಿಗಾದರೂ ಲಾಭವಾಯಿತೇ? 2022ರಲ್ಲಿ ಟಾಮ್‌ಟಾಮ್ ಸಂಸ್ಥೆ ಅಳೆದಾಗ ಬೆಂಗಳೂರಿನ ನಡುಭಾಗದಲ್ಲಿ ಹತ್ತು ಕಿಲೋಮೀಟರ್ ಹೋಗಲು 29 ನಿಮಿಷ ಬೇಕಾಗಿತ್ತು, ಜಗತ್ತಿನಲ್ಲಿ ಲಂಡನ್ ಬಿಟ್ಟರೆ ಅದೇ ನಿಧಾನ. ಅಂದರೆ ಗಂಟೆಗೆ ಇಪ್ಪತ್ತು ಕಿಲೋಮೀಟರು. ಅಪ್ಪನ ಹರ್ಕ್ಯುಲಿಸ್ ಇಳಿಜಾರಿನಲ್ಲಿ ಅದಕ್ಕಿಂತ ಜೋರಾಗಿ ಹೋಗುತ್ತಿತ್ತು.

ಫುಟ್‌ಪಾತಿನ ವಿಷಯ ಬರೆದರೆ ಈ ಲೇಖನ ಮುಗಿಯುವುದಿಲ್ಲ. ಟ್ರಾನ್ಸ್‌ಫಾರ್ಮರು, ಎತ್ತಿಟ್ಟ ಚಪ್ಪಡಿ, ಮನೆಯ ರ‍್ಯಾಂಪು, ಹಿಂದಿನಿಂದ ಹಾರ್ನ್ ಹೊಡೆದುಕೊಂಡು ಬರುವ ಸ್ಕೂಟರು. ಫುಟ್‌ಪಾತಿನ ಮೇಲೆ ನನಗೆ ಹಾರ್ನ್ ಹೊಡೆದವನನ್ನು ಒಮ್ಮೆ ನಿಲ್ಲಿಸಿ ನೋಡಿದರೆ ನನ್ನದೇ ಹಳೆಯ ಶಿಷ್ಯ. "ಸಾರಿ ಮಿಸ್, ಅರ್ಜೆಂಟು" ಎಂದ. ಗೇಟೆಲ್ಲಿದೆ ಎಂದು ಕೇಳಿದ್ದ ಹುಡುಗ ಅವನಲ್ಲ, ಅಷ್ಟು ಸಮಾಧಾನ.

ಸುಖವಿರುವುದು ಕೆಂಗೇರಿಗೆ ಹೋಗುವಾಗ. ತಂಗಿ ಅಲ್ಲಿ ಉಪನಗರದಲ್ಲಿದ್ದಾಳೆ. ಕೆಂಗೇರಿ ನಮಗಿಂತ ಹಿರಿಯ ಊರು; 1880ರ ದಶಕದ ಮೊದಲಲ್ಲಿ ಬೆಂಗಳೂರು–ಮೈಸೂರು ಮೀಟರ್ ಗೇಜ್ ಹಳಿ ಬಂದಾಗಲೇ ಅಲ್ಲಿಗೆ ರೈಲು ಬಂತು, ನಮ್ಮ ರಾಜಾಜಿನಗರ ಆಗ ಹೊಲ. ಕಾರಿದ್ದ ಕಾಲದಲ್ಲಿ ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿ ದಾಟುವುದರೊಳಗೆ ತಂಗಿ ಎರಡು ಸಲ ಫೋನು ಮಾಡುತ್ತಿದ್ದಳು, ಸಾರು ಬಿಸಿ ಮಾಡಲೇ ಬೇಡವೇ ಎಂದು. 2021ರ ಆಗಸ್ಟಿನ ಕೊನೆಗೆ ಮೆಟ್ರೋ ಕೆಂಗೇರಿಗೆ ಹೋಯಿತು. ವಿಜಯನಗರದಲ್ಲಿ ಹತ್ತಿದರೆ ಅರ್ಧ ಗಂಟೆಯೊಳಗೆ ಅವಳ ಮನೆಯ ಹತ್ತಿರ. ಕಿಟಕಿಯಿಂದ ಕೆಳಗೆ ವೃಷಭಾವತಿ ಕಾಣುತ್ತದೆ. ಕಪ್ಪಗೆ, ಅಲ್ಲಲ್ಲಿ ನೊರೆ. ಕಾರಿನಲ್ಲಿ ಹೋಗುವಾಗ ಅದನ್ನು ನಾನು ನೋಡಿಯೇ ಇರಲಿಲ್ಲ, ವಾಸನೆ ಬಂದರೆ ಗಾಜು ಏರಿಸುತ್ತಿದ್ದೆ. ನಮ್ಮ ರಾಜಾಜಿನಗರ, ಕಾಮಾಕ್ಷಿಪಾಳ್ಯದ ನೀರೆಲ್ಲ ಹರಿದು ಸೇರುವುದೂ ಅದಕ್ಕೇ.

ಕೆಂಗೇರಿಗೆ ಉಪನಗರ ರೈಲಿನ ಭರವಸೆಯೂ ಇದೆ. 2022ರ ಜೂನಿನಲ್ಲಿ ಪ್ರಧಾನಿ ಪಕ್ಕದ ಕೊಮ್ಮಘಟ್ಟಕ್ಕೇ ಬಂದು ಶಂಕುಸ್ಥಾಪನೆ ಮಾಡಿದರು. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಹೋಗುವ ಆ ಮಾರ್ಗಕ್ಕೆ ಪಾರಿಜಾತ ಎಂದು ಹೆಸರು. ಹೆಸರಂತೂ ಚೆನ್ನಾಗಿದೆ. ಅದೇ ಕೆಂಗೇರಿಯ ಆಚೆಗೆ 2023ರ ಮಾರ್ಚಿನಲ್ಲಿ ಮೈಸೂರಿನ ಎಕ್ಸ್‌ಪ್ರೆಸ್ ಹೆದ್ದಾರಿ ತೆರೆಯಿತು. ಹೆಸರಿಗಷ್ಟೇ ಉಳಿದಿದ್ದ ಸುಂಕದ ಕಟ್ಟೆ ಕಣಿಮಿಣಿಕೆಯಲ್ಲಿ ನಿಜವಾಗಿ ಮತ್ತೆ ಎದ್ದಿತು, ಈ ಸಲ ಫಾಸ್ಟ್ಯಾಗ್ ಸಮೇತ. ಅಪಘಾತ ಹೆಚ್ಚಾದವೆಂದು ಆಗಸ್ಟಿನಿಂದ ಬೈಕು, ಆಟೋಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು. ಅಪಾಯಕ್ಕೆ ಸಿಕ್ಕುವವರನ್ನು ತೆಗೆದುಹಾಕಿದರೆ ರಸ್ತೆ ಸುರಕ್ಷಿತವಾಗುತ್ತದೆ ಎಂಬ ಈ ತರ್ಕ ನನಗೆ ಪರಿಚಿತ. ದೀಪವಿಲ್ಲದ ಸೈಕಲ್ಲಿನ ಗಾಳಿ ಬಿಟ್ಟದ್ದೂ ಅದೇ ತರ್ಕ.

ಬೇರೆ ತರ್ಕವೂ ಉಂಟು. ನೆದರ್ಲ್ಯಾಂಡ್ಸ್ ಎಂದರೆ ಸೈಕಲ್ಲಿನ ದೇಶ, ಅವರ ರಕ್ತದಲ್ಲೇ ಅದು ಇದೆ ಎಂದು ನಮ್ಮವರು ಹೇಳುತ್ತಾರೆ. ಹಾಗೇನಿಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ನಾನೂರಕ್ಕೂ ಮೇಲೆ ಮಕ್ಕಳು. ಮಕ್ಕಳ ಕೊಲೆ ನಿಲ್ಲಿಸಿ ಎಂದು ತಾಯಿತಂದೆಯರು ಬೀದಿಯಲ್ಲಿ ಕೂತರು. 1973ರ ಎಣ್ಣೆ ಬಿಕ್ಕಟ್ಟಿನಲ್ಲಿ ಅಲ್ಲಿನ ಸರ್ಕಾರ ಭಾನುವಾರಗಳಂದು ಕಾರು ನಿಲ್ಲಿಸಿತು. ಅದೇ ವರ್ಷ, ಅದೇ ಬಿಕ್ಕಟ್ಟು, ನಮ್ಮಲ್ಲಿ ಎತ್ತಿನಗಾಡಿ. ಅವರಿಗೆ ಸೈಕಲ್ಲು ಮರಳಿ ಬಂತು. ನಮ್ಮ ಬೀದಿಯಲ್ಲಿ ಆಗ ಅದು ಇನ್ನೂ ಹೋಗಿರಲೇ ಇಲ್ಲ ಎಂಬುದೇ ನನ್ನ ಹೊಟ್ಟೆಕಿಚ್ಚು.

ನಮ್ಮಲ್ಲೂ ಪ್ರಯತ್ನ ಆಗಿಲ್ಲವೆಂದಲ್ಲ. 2010ರ ಫೆಬ್ರವರಿ 4ರಂದು ಬಿಎಂಟಿಸಿ ಬಸ್ ದಿನ ಶುರುಮಾಡಿತು. ಪ್ರತಿ ತಿಂಗಳ ನಾಲ್ಕನೇ ತಾರೀಖು ಕಾರು ಬಿಟ್ಟು ಬಸ್ಸಿಗೆ ಬನ್ನಿ ಎಂದು. ನಮ್ಮ ಸ್ಟಾಫ್ ರೂಮಿನಲ್ಲಿ ಅದಕ್ಕೆ ಸಂಕಷ್ಟಿ ಎಂದು ಹೆಸರಿಟ್ಟಿದ್ದರು, ತಿಂಗಳಿಗೊಂದು ದಿನ ಮಾಡಿ ಪುಣ್ಯ ಕಟ್ಟಿಕೊಳ್ಳುವುದಕ್ಕೆ. ನಾನೂ ನಾಲ್ಕು ತಿಂಗಳು ಆಚರಿಸಿ ಬಿಟ್ಟೆ. ನಿಜವಾಗಿ ಬಸ್ಸಿನ ಮುಖ ಬದಲಾಗಿದ್ದು 2023ರ ಜೂನ್ 11ರಂದು, ಶಕ್ತಿ ಯೋಜನೆ ಬಂದಾಗ. ಅಂದಿನಿಂದ ಕಂಡಕ್ಟರು ನನಗೂ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತಾರೆ. ಪಿಂಚಣಿ ಬರುವ ನನಗೇಕೆ ಬಿಟ್ಟಿ ಎಂದು ಇವರು ಕಾಡುತ್ತಾರೆ. ನಮ್ಮ ಕಾರಿಗೆ ಹದಿನೆಂಟು ವರ್ಷ ಹೋದಲ್ಲೆಲ್ಲ ರಸ್ತೆಯ ಬದಿ ಪಾರ್ಕಿಂಗ್ ಬಿಟ್ಟಿಯಾಗಿರಲಿಲ್ಲವೇ ಎಂದು ನಾನು ಕೇಳುತ್ತೇನೆ. ಅಲ್ಲಿಗೆ ಇವರು ಪೇಪರು ಎತ್ತಿಕೊಳ್ಳುತ್ತಾರೆ. ಗಂಡಸರ ಪಾಡು ಬೇರೆ. 2025ರ ಜನವರಿಯಲ್ಲಿ ಬಸ್ ದರ ಶೇಕಡ 15 ಏರಿತು, ಮರು ತಿಂಗಳು ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ಕಾರು ಬಿಡಿ ಎಂದು ಹೇಳುವ ಊರು ಮಾಡುವ ಕೆಲಸ ಇದಲ್ಲ.

ಕಾರು ನಿಲ್ಲುತ್ತಿದ್ದ ಹದಿನಾಲ್ಕು ಅಡಿಯಲ್ಲಿ ಈಗ ಮತ್ತೆ ದಾಸವಾಳ ಹಾಕಿದ್ದೇವೆ. ಬೆಳಗ್ಗೆ ಅಲ್ಲಿ ನೆರಳಿರುವುದರಿಂದ ಸೊಪ್ಪಿನಮ್ಮ ಗೇಟಿನ ಒಳಗೇ ಬಂದು ಬುಟ್ಟಿ ಇಳಿಸುತ್ತಾರೆ. ಹೋದ ವಾರ ಪೇಪರಿನಲ್ಲಿ ಸುತ್ತಿದ ಕೊತ್ತಂಬರಿಯ ಮೇಲೆ ಮೆಟ್ರೋದ ಚಿತ್ರ ಕಂಡು, "ಇದು ನಮ್ ಕಡೀಕೂ ಬತ್ತದಂತೆ, ಹೌದಾ ಅಕ್ಕ?" ಎಂದರು. ಹೌದು ಎಂದೆ. ಹೊಸಹಳ್ಳಿಯಿಂದ ಮಾಗಡಿ ರಸ್ತೆಯ ಮೇಲೆ ಸುಂಕದಕಟ್ಟೆ ದಾಟಿ ಕಡಬಗೆರೆಯವರೆಗಿನ ಮಾರ್ಗ ಸೇರಿದ ಮೂರನೇ ಹಂತಕ್ಕೆ 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದೆ, ಕಡಬಗೆರೆಯಿಂದ ತಾವರೆಕೆರೆ ಆಮೇಲೆ ಹತ್ತಿರ ಎಂದು ವಿವರಿಸಿದೆ, ಕ್ಲಾಸಿನಲ್ಲಿ ಹೇಳುವ ಹಾಗೆ.

"ಬುಟ್ಟಿ ಬುಡ್ತಾರಾ ಅದ್ರಾಗೆ?"

ಲಗೇಜು ದೊಡ್ಡದಾದರೆ ಮೆಟ್ರೋದಲ್ಲಿ ದುಡ್ಡು ಕೇಳುತ್ತಾರೆಂದು ಪತ್ರಿಕೆಯಲ್ಲಿ ಓದಿದ್ದೆ. ಹೇಳಿದೆ. ಆಕೆ ನಕ್ಕರು. "ಬಸ್ಸಲ್ಲೂ ಅಂಗೇ ಅಲ್ವಾ. ನಂಗೆ ಬಿಟ್ಟಿ, ಬುಟ್ಟಿಗೆ ಟಿಕೀಟು."

ನಾನು ಒಳಗೆ ಹೋಗಿ ಹೊಲಿಗೆ ಮಿಷನ್ನಿನ ಡ್ರಾಯರಿನಿಂದ ಟೇಪು ತಂದೆ. ಆಕೆ ಸೊಪ್ಪನ್ನೆಲ್ಲ ಒಂದು ಪಕ್ಕಕ್ಕೆ ಸರಿಸಿ ಬುಟ್ಟಿಯ ಅಂಚು ಹಿಡಿದುಕೊಂಡರು. ಬಾಯಿ ಅಗಲ ಎರಡೂಕಾಲು ಅಡಿ ಬಂತು.